ಆರಿಸಿದವರನ್ನು ಹಿಂದಕ್ಕೆ ಕರೆಸಬಹುದೇ?

ಮತ ಕೇಳಲು ಮನೆಯಂಗಳಕ್ಕೆ ಬಂದು ಹಿರಿಯರಿಗೆ ಕೈಮುಗಿದು ಹೋದವರು ಗೆದ್ದ ಮೇಲೆ ಫೋನು ಸಹ ಎತ್ತುವುದಿಲ್ಲ ಎಂಬ ದೂರು ನಮ್ಮ ಹೆಚ್ಚಿನ ಮನೆಗಳಲ್ಲಿ ಕೇಳಿಬರುವಂಥದ್ದು. ಆದಿತ್ಯವಾರ ಬಲಿಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಾಲ್ಕು ಜನ ಸೇರಿದರೆ ಹಾಳಾದ ರಸ್ತೆ, ಉರಿಯದ ಬೀದಿದೀಪ, ಬಾರದ ನಳ್ಳಿನೀರು ಎಂದು ಮಾತು ಸುತ್ತಿ ಸುತ್ತಿ ಮೆಂಬರರ ಬಳಿಗೆ ಬರುತ್ತದೆ. "ಇನ್ನು ಐದು ವರ್ಷ ಅನುಭವಿಸಬೇಕಷ್ಟೆ" ಎಂದು ಯಾರಾದರೊಬ್ಬರು ಹೇಳಿದಲ್ಲಿಗೆ ಅದು ಮುಗಿಯುತ್ತದೆ. ಐದು ವರ್ಷ ಏಕೆ ಅನುಭವಿಸಬೇಕು? ವೋಟು ಕೊಟ್ಟ ನಮಗೆ ಅದನ್ನು ನಡುವೆಯೇ ಹಿಂದಕ್ಕೆ ಪಡೆಯುವ ಹಕ್ಕು ಬೇಡವೇ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪಂಚಾಯತು, ಪುರಸಭೆಗಳಲ್ಲಿ ಈ ಹಕ್ಕು ಜನರ ಕೈಯಲ್ಲಿ ಇರಬೇಕು. ಶಾಸಕರು, ಸಂಸದರ ವಿಷಯದಲ್ಲಿ ಮಾತ್ರ ಬರೇ ಸಹಿ ಸಂಗ್ರಹಿಸಿ ಇಳಿಸುವ ಪದ್ಧತಿ ಬೇಡ. ಅಲ್ಲಿ ತಪ್ಪು ಮೊದಲು ರುಜುವಾತಾಗಲಿ, ಆಮೇಲೆ ಜನರು ತೀರ್ಮಾನಿಸಲಿ.

ಈ ಬೇಡಿಕೆ ಹೊಸತೇನಲ್ಲ. 1974ರ ಬಿಹಾರ ಚಳವಳಿಯ ಕಾಲದಲ್ಲಿ ಜಯಪ್ರಕಾಶ ನಾರಾಯಣರು ಇದನ್ನು ಊರೂರಲ್ಲಿ ಹೇಳಿದರು. ಅದೇ ವರ್ಷ ಲೋಕಸಭೆಯಲ್ಲಿ ಇದಕ್ಕಾಗಿ ಸಂವಿಧಾನ ತಿದ್ದುಪಡಿಯ ಮಸೂದೆ ತಂದವರು ನಮ್ಮ ನೆರೆಯ ತಲಶ್ಶೇರಿಯ ಕಮ್ಯುನಿಸ್ಟ್ ಸದಸ್ಯ ಸಿ.ಕೆ. ಚಂದ್ರಪ್ಪನ್. ಜನಸಂಘದ ಅಟಲ್ ಬಿಹಾರಿ ವಾಜಪೇಯಿ ಅದನ್ನು ಬೆಂಬಲಿಸಿದರು. ಇಬ್ಬರೂ ಒಂದೇ ಮಾತಿಗೆ ಕೈ ಎತ್ತಿದ ಸಂದರ್ಭಗಳು ಹೆಚ್ಚಿರಲಿಕ್ಕಿಲ್ಲ! ಮಸೂದೆಯಂತೂ ಬಿದ್ದುಹೋಯಿತು. 1991ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ತಮ್ಮ 'ಸೆಂತೇಸಿಮುಸ್ ಅನ್ನುಸ್' ವಿಶ್ವಪರಿಪತ್ರದಲ್ಲಿ, ಆಳುವವರನ್ನು ಆರಿಸುವುದಷ್ಟೇ ಅಲ್ಲ, ಅವರಿಂದ ಲೆಕ್ಕ ಕೇಳುವುದಕ್ಕೂ ಬೇಕಾದಾಗ ಶಾಂತಿಯುತವಾಗಿ ಬದಲಿಸುವುದಕ್ಕೂ ಜನರಿಗೆ ಅವಕಾಶ ಇರುವುದರಿಂದಲೇ ಧರ್ಮಸಭೆ ಪ್ರಜಾಪ್ರಭುತ್ವವನ್ನು ಮೆಚ್ಚುತ್ತದೆ ಎಂಬ ಅರ್ಥದ ಮಾತು ಬರೆದಿದ್ದಾರೆ. ಆದರೆ ಬದಲಿಸುವುದು ಯಾವಾಗ, ಹೇಗೆ ಎಂಬುದನ್ನು ಆಯಾ ದೇಶದ ಜನರೇ ಯೋಚಿಸಬೇಕಾಗಿದೆ.

ನಮ್ಮ ದೇಶದಲ್ಲಿ ಇದು ನಡೆದೂ ಇದೆ. ಮಧ್ಯಪ್ರದೇಶದ ಪುರಸಭಾ ಕಾನೂನಿನಲ್ಲಿ, ಜನರು ನೇರವಾಗಿ ಆರಿಸಿದ ಅಧ್ಯಕ್ಷರನ್ನು ಜನರೇ ಇಳಿಸುವ ದಾರಿ ಇತ್ತು. ಚುನಾಯಿತ ಸದಸ್ಯರಲ್ಲಿ ಮುಕ್ಕಾಲು ಪಾಲು ಜನ ಸಹಿ ಹಾಕಿ ಜಿಲ್ಲಾಧಿಕಾರಿಗೆ ಕೊಡಬೇಕು. ಅಧ್ಯಕ್ಷರು ಆಯ್ಕೆಯಾಗಿ ಎರಡು ವರ್ಷ ತುಂಬಿರಬೇಕು. ಒಂದು ಅವಧಿಯಲ್ಲಿ ಒಂದೇ ಸಲ ಈ ಪ್ರಯತ್ನ. ಅನಂತರ ಊರಿನ ಮತದಾರರೆಲ್ಲ ಮತಗಟ್ಟೆಗೆ ಹೋಗಿ ಗುಪ್ತವಾಗಿ ಮತ ಹಾಕುವುದು. ಮತಪತ್ರದಲ್ಲಿ ಎರಡೇ ಚಿಹ್ನೆಗಳು: ಒಂದು ಖಾಲಿ ಕುರ್ಚಿ, ಇನ್ನೊಂದು ಆಳು ಕುಳಿತಿರುವ ಕುರ್ಚಿ. ಇಳಿಸಬೇಕೆನ್ನುವವರು ಖಾಲಿ ಕುರ್ಚಿಗೆ, ಉಳಿಸಬೇಕೆನ್ನುವವರು ತುಂಬಿದ ಕುರ್ಚಿಗೆ. ಓದುಬರಹ ಬಾರದ ಅಜ್ಜಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪಕ್ಕದ ಛತ್ತೀಸಗಢದಲ್ಲಿ 2008ರ ಜೂನಿನಲ್ಲಿ ಗುಂಡರ್‌ದೇಹಿ, ನವಾಗಢ, ರಾಜಪುರ ಎಂಬ ಮೂರು ಸಣ್ಣ ಊರುಗಳ ಅಧ್ಯಕ್ಷರನ್ನು ಜನರು ಹೀಗೆಯೇ ಮತ ಹಾಕಿ ಮನೆಗೆ ಕಳುಹಿಸಿದರು.

ಇದರಲ್ಲಿ ಒಂದು ಕೊರತೆಯೂ ಇದೆ. ಆರಂಭಿಸುವ ಕೀಲಿಕೈ ಸದಸ್ಯರ ಕೈಯಲ್ಲೇ ಉಳಿಯುತ್ತದೆ. ಅಧ್ಯಕ್ಷರು ಕೆಟ್ಟವರಾದರೂ ಸದಸ್ಯರಿಗೆ ಬೇಕಾದವರಾದರೆ ಸಹಿ ಬೀಳುವುದಿಲ್ಲ. ಒಳ್ಳೆಯವರಾಗಿದ್ದು, ಗುತ್ತಿಗೆಯ ಪಾಲು ಹಂಚಲು ಒಪ್ಪದಿದ್ದರೆ ಮರುದಿನವೇ ಬಿದ್ದೀತು. ಆದರೂ ಕೊನೆಯ ಮಾತು ಮತದಾರರದು ಎಂಬುದೇ ದೊಡ್ಡ ಸಮಾಧಾನ.

ಮಹಾರಾಷ್ಟ್ರದಲ್ಲಿ ಜತ್, ಅಕ್ಕಲಕೋಟೆ ಕಡೆಯ ಕನ್ನಡ ಹಳ್ಳಿಗಳವರು ಇಂಥದ್ದೇ ಇನ್ನೊಂದು ಏರ್ಪಾಡನ್ನು ಕಂಡವರು. ಅಲ್ಲಿ 2017ರಲ್ಲಿ ಸರಪಂಚರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ಬಂತು. 2020ರಲ್ಲಿ ಸರಕಾರ ಬದಲಾಗಿ ಅದು ಹೋಯಿತು, 2022ರಲ್ಲಿ ಮತ್ತೆ ಬಂತು. ಹೀಗೆ ಆಯ್ಕೆಯಾದ ಸರಪಂಚರ ಮೇಲೆ ಸದಸ್ಯರು ಮುಕ್ಕಾಲು ಬಹುಮತದಿಂದ ಅವಿಶ್ವಾಸ ಮಂಡಿಸಿದರೂ ಅಷ್ಟರಲ್ಲೇ ಮುಗಿಯುವುದಿಲ್ಲ. ವಿಶೇಷ ಗ್ರಾಮಸಭೆ ಕರೆದು ಗುಪ್ತ ಮತದಾನದಿಂದ ಊರವರ ಒಪ್ಪಿಗೆ ಪಡೆಯಬೇಕು. ನಮಗೆ ಇದು ಬಹಳ ಹಿಡಿಸಿದ ಏರ್ಪಾಡು. ಸರಪಂಚರ ಮನೆ ಎಲ್ಲಿ, ನಿನ್ನೆ ಮೊನ್ನೆಯವರೆಗೆ ಏನಿತ್ತು, ಈಗ ಏನಾಗಿದೆ ಎಂದು ಊರವರಿಗೆ ಗೊತ್ತಿರುತ್ತದೆ. ಬಾವಿ ತೋಡಿದ ಬಿಲ್ಲು ಪಾಸಾಗಿದ್ದು, ಬಾವಿಯೇ ಇಲ್ಲವೆಂದರೆ ಅದಕ್ಕೆ ತನಿಖಾ ಆಯೋಗ ಬೇಕಾಗಿಲ್ಲ.

ಶಾಸಕರ ಮಾತಿಗೆ ಬಂದರೆ ಲೆಕ್ಕವೇ ಬೇರೆ. 2016ರಲ್ಲಿ ಸಂಸದ ವರುಣ್ ಗಾಂಧಿ ತಂದ ಖಾಸಗಿ ಮಸೂದೆಯಲ್ಲಿ, ಕ್ಷೇತ್ರದ ಕಾಲು ಭಾಗದಷ್ಟು ಮತದಾರರ ಸಹಿ ಇದ್ದರೆ ಹಿಂದಕ್ಕೆ ಕರೆಸುವ ಅರ್ಜಿ ಸಲ್ಲಿಸಬಹುದೆಂದಿತ್ತು. ಕೇಳುವಾಗ ಕಾಲು ಭಾಗ ದೊಡ್ಡದಾಗಿಯೇ ಕಾಣುತ್ತದೆ. ಅದನ್ನು ನಮ್ಮ ಮಂಜೇಶ್ವರಕ್ಕೆ ಹಚ್ಚಿ ನೋಡೋಣ. ಅದೇ 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಗೆದ್ದವರಿಗೆ ಸಿಕ್ಕಿದ್ದು 56,870 ಮತ, ಎರಡನೆಯವರಿಗೆ 56,781. ಅಂತರ ಬರೇ 89! ಕ್ಷೇತ್ರದ ಮತದಾರರು ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ. ಅದರ ಕಾಲು ಭಾಗ ಐವತ್ತು ಸಾವಿರದ ಆಸುಪಾಸು. ಎಂದರೆ ಸೋತ ಪಕ್ಷದ ಮತದಾರರು ತಾವಾಗಿಯೇ ಸಹಿ ಹಾಕಿದರೂ ಅರ್ಜಿ ಸಿದ್ಧ. ಗೆದ್ದವರು ಕೆಲಸ ಮಾಡಿದ್ದಾರೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. 2021ರಲ್ಲಿ ಅಂತರ 745. ಆಗಲೂ ಕತೆ ಅದೇ. ಇಂಥ ಕ್ಷೇತ್ರಗಳಲ್ಲಿ ಚುನಾವಣೆ ಮುಗಿಯುವುದೇ ಇಲ್ಲ. ಬೂತಿನ ಕಾರ್ಯಕರ್ತರು ಚೀಟಿ ಕೆಳಗಿಟ್ಟು ಸಹಿ ಪುಸ್ತಕ ಕೈಗೆತ್ತಿಕೊಂಡಾರು, ನೆರೆಹೊರೆಯವರ ನಡುವಣ ಮುನಿಸು ಆರುವುದಕ್ಕೆ ಪುರುಸೊತ್ತು ಸಿಗದು.

ಅಮೆರಿಕದ ಕ್ಯಾಲಿಫೋರ್ನಿಯಾದವರು ಇದನ್ನು ಅನುಭವಿಸಿ ತಿಳಿದವರು. ಅಲ್ಲಿ 1911ರಿಂದಲೇ ಈ ಹಕ್ಕಿದೆ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇಕಡಾ 12ರಷ್ಟು ಸಹಿ ಸಾಕು. 2002ರ ನವೆಂಬರಿನಲ್ಲಿ ಮರು ಆಯ್ಕೆಯಾದ ಗವರ್ನರ್ ಗ್ರೇ ಡೇವಿಸರನ್ನು 2003ರ ಅಕ್ಟೋಬರಿನಲ್ಲಿ ಜನ ಇಳಿಸಿದರು. ವಿದ್ಯುತ್ ಅಭಾವ, ಬೊಕ್ಕಸದ ಕೊರತೆ, ವಾಹನ ಶುಲ್ಕದ ಏರಿಕೆ ಇವೆಲ್ಲ ಜನರ ಸಿಟ್ಟಿಗೆ ಕಾರಣವಾಗಿದ್ದವು, ನಿಜ. ಆದರೆ ಸಹಿ ಸಂಗ್ರಹಕ್ಕೆ ಹಣ ಸುರಿದವರು, ತಾವೇ ಗವರ್ನರ್ ಆಗಬೇಕೆಂದಿದ್ದ ಒಬ್ಬ ಶ್ರೀಮಂತ ಸಂಸದರು. ಸಂಬಳ ಕೊಟ್ಟು ಆಳು ಇಟ್ಟು ಸಹಿ ಮಾಡಿಸಿದರು. ಖಾಲಿಯಾಗುವ ಒಂದು ಕುರ್ಚಿಗೆ 135 ಅಭ್ಯರ್ಥಿಗಳು! ಗೆದ್ದವರು ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜನೆಗರ್. 2021ರಲ್ಲಿ ಇನ್ನೊಬ್ಬ ಗವರ್ನರ್ ಗ್ಯಾವಿನ್ ನ್ಯೂಸಮರನ್ನು ಇಳಿಸುವ ಪ್ರಯತ್ನವಾಯಿತು. ಶೇಕಡಾ 60ಕ್ಕೂ ಹೆಚ್ಚು ಜನ ಬೇಡವೆಂದರು. ಖರ್ಚಾದದ್ದು ಸುಮಾರು ಇಪ್ಪತ್ತು ಕೋಟಿ ಡಾಲರ್, ಕುಳಿತವರು ಕುಳಿತಲ್ಲೇ.

ಹಿಂದಕ್ಕೆ ಕರೆಸುವ ಹಕ್ಕು ಬಂದರೆ ಪಕ್ಷಾಂತರಿಗಳಿಗೆ ಬುದ್ಧಿ ಬರುತ್ತದೆ ಎಂದು ನಂಬುವವರಿದ್ದಾರೆ. 2019ರಲ್ಲಿ ಕರ್ನಾಟಕದಲ್ಲಿ ಅನರ್ಹರಾದ ಶಾಸಕರು 17 ಮಂದಿ. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆಯಾದಾಗ ಮತದಾರರ ಕೈಗೆ ತೀರ್ಪಿನ ಅವಕಾಶ ಒಂದೂವರೆ ವರ್ಷದಲ್ಲೇ ತಾನಾಗಿ ಬಂತು. ಪಕ್ಷ ಬದಲಿಸಿ ನಿಂತವರಲ್ಲಿ ಹೆಚ್ಚಿನವರು ಗೆದ್ದು ಬಂದರು. ಹುಣಸೂರು, ಹೊಸಕೋಟೆಗಳಲ್ಲಿ ಸೋತರು. ಜನರ ತೀರ್ಪನ್ನು ನಾವು ಹಳಿಯುವುದಿಲ್ಲ. ಈ ಹಕ್ಕಿನ ಮೇಲೆ ಇಲ್ಲದ ಭಾರ ಹೊರಿಸಬಾರದೆಂದಷ್ಟೇ ಹೇಳುತ್ತೇವೆ.

ನಮ್ಮಂಥ ಗಡಿನಾಡಿನ ಅಲ್ಪಸಂಖ್ಯಾತರು ಇನ್ನೂ ಒಂದು ಕಡೆಯಿಂದ ಯೋಚಿಸಬೇಕು. ಮೀಸಲಾತಿಯಿಂದ ಅಧ್ಯಕ್ಷೆಯಾದ ಹೆಣ್ಣುಮಗಳು, ದಲಿತ ಅಧ್ಯಕ್ಷರು, ಕನ್ನಡ ಶಾಲೆಗೆ ಶಿಕ್ಷಕರು ಬೇಕೆಂದು ಹಠ ಹಿಡಿದ ಸದಸ್ಯರು, ಇವರ ವಿರುದ್ಧ ಸಹಿ ಕೂಡಿಸುವುದು ಬಹುಸಂಖ್ಯೆಯವರಿಗೆ ಸುಲಭ. ಹಗರಣ ಮಾಡಿದ ಬಲಾಢ್ಯರ ವಿರುದ್ಧ ಸಹಿ ಹಾಕಲು ಎಷ್ಟು ಮನೆಗಳು ಧೈರ್ಯ ಮಾಡಿಯಾವು? ಸಹಿ ಹಾಕಿದವರ ಹೆಸರು ಮರುದಿನ ಪೇಟೆಯಲ್ಲಿರುತ್ತದೆ.

ಅದಕ್ಕೇ ಬ್ರಿಟನ್ 2015ರಲ್ಲಿ ಮಾಡಿದ ಕಾನೂನು ನಮಗೆ ಒಪ್ಪಿಗೆಯಾಗುತ್ತದೆ. ಅಲ್ಲಿ ಸಂಸದರಿಗೆ ಜೈಲುಶಿಕ್ಷೆಯಾದರೆ, ಸದನದಿಂದ ನಿಗದಿತ ದಿನಗಳಷ್ಟು ಅಮಾನತಾದರೆ, ಇಲ್ಲವೇ ಭತ್ಯೆಯ ಸುಳ್ಳು ಲೆಕ್ಕ ಕೊಟ್ಟದ್ದು ಸಾಬೀತಾದರೆ ಮಾತ್ರ ಅರ್ಜಿ ತೆರೆಯುತ್ತದೆ. ಆರು ವಾರಗಳಲ್ಲಿ ಶೇಕಡಾ 10 ಮತದಾರರು ಸಹಿ ಹಾಕಿದರೆ ಸ್ಥಾನ ತೆರವು. ಇಳಿದವರು ಬೇಕಾದರೆ ಉಪಚುನಾವಣೆಗೆ ಮತ್ತೆ ನಿಲ್ಲಬಹುದು. 2018ರಲ್ಲಿ ಉತ್ತರ ಐರ್ಲೆಂಡಿನ ಒಬ್ಬ ಸಂಸದರು ಶೇಕಡಾ 9.4 ಸಹಿ ಬಿದ್ದು ಕೂದಲೆಳೆಯಲ್ಲಿ ಉಳಿದರು. 2019ರಲ್ಲಿ ಪೀಟರ್‌ಬರೋದ ಸಂಸದೆ, ಅತಿವೇಗದ ಕಾರಿನ ವಿಷಯದಲ್ಲಿ ಸುಳ್ಳು ಹೇಳಿ ಜೈಲಿಗೆ ಹೋದವರು, ಸ್ಥಾನ ಕಳೆದುಕೊಂಡರು.

ಅಂಥ ಕಾನೂನು ಇಲ್ಲಿ ಬರುವ ತನಕ ಏನು? ಕೇರಳದವರ ಕೈಯಲ್ಲಿ ಈಗಲೇ ಇರುವುದೊಂದಿದೆ. ನಮ್ಮ ಪಂಚಾಯತ್ ಕಾನೂನಿನಂತೆ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು. ಅದನ್ನು ಕರೆಯುವ ಹೊಣೆ ವಾರ್ಡ್ ಸದಸ್ಯರದು. ಸತತವಾಗಿ ಎರಡು ಸಲ ಕರೆಯದೆ ಹೋದರೆ ಸದಸ್ಯತ್ವಕ್ಕೇ ಸಂಚಕಾರ. ಕೋರಂ ಮತದಾರರ ಶೇಕಡಾ 10. ಎಷ್ಟೋ ಕಡೆ ಸಭೆಗೆ ಜನರಿಲ್ಲದೆ ಸಹಿ ಪುಸ್ತಕವೇ ಮನೆಮನೆಗೆ ಬರುವುದುಂಟು, ನಾವು ಗೇಟಿನ ಬಳಿ ನಿಂತು ಸಹಿ ಹಾಕಿ ಕಳುಹಿಸುವುದೂ ಉಂಟು. ಹಾಗೆ ಸಹಿ ಹಾಕಿಕೊಟ್ಟ ಮೇಲೆ ಸಭೆ ನಡೆಯಲಿಲ್ಲವೆಂದು ದೂರುವ ದಾರಿಯನ್ನು ನಾವೇ ಮುಚ್ಚಿದಂತೆ. ಮುಂದಿನ ಸಲ ಪುಸ್ತಕ ಮನೆಗೆ ಬಂದಾಗ, "ಸಭೆ ಎಂದು, ಎಲ್ಲಿ? ಕಾರ್ಯಸೂಚಿ ಕನ್ನಡದಲ್ಲೂ ಇದೆಯೇ?" ಎಂದು ಕೇಳಿ, ಪೆನ್ನನ್ನು ಜೇಬಿನಲ್ಲೇ ಇಟ್ಟುಕೊಳ್ಳೋಣ.