'ಟಕ್' ಎಂದು ಸುಮ್ಮನಾಗುವ ಕಾರು

ಕೀಲಿಯನ್ನು ತಿರುಗಿಸಿದಾಗ 'ಟಕ್' ಎಂಬ ಒಂದೇ ಸದ್ದನ್ನು ಮಾಡಿ ಕಾರು ಸುಮ್ಮನಾದರೆ, ನೋಡಿದವರೆಲ್ಲರೂ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಬ್ಯಾಟರಿ ಹೋಯಿತು." ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿಯನ್ನು ಜೋಡಿಸಿದ ಮೇಲೆಯೂ ಅದೇ 'ಟಕ್' ಕೇಳಿಬರುವುದುಂಟು. ಹಾಗಾದರೆ ದೋಷವಿರುವುದು ಎಲ್ಲಿ? ತರಗತಿಯಲ್ಲಿ ನಾವು ಕಲಿಯುವ ಓಮನ ನಿಯಮವೇ ಇದಕ್ಕೆ ಉತ್ತರ ಕೊಡಬಲ್ಲುದು.

ಪೆಟ್ರೋಲ್ ಎಂಜಿನ್ನು ತಾನಾಗಿಯೇ ಚಲಿಸತೊಡಗಲಾರದು. ಗಾಳಿ ಮತ್ತು ಇಂಧನಗಳ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ಎಳೆದು ಒತ್ತಬೇಕಾದರೆ ಮೊದಲು ಅದನ್ನು ಹೊರಗಿನ ಬಲದಿಂದ ತಿರುಗಿಸಬೇಕು. ಹಿಂದೆ ಕಾರಿನ ಮುಂಭಾಗದಲ್ಲಿ ಕಬ್ಬಿಣದ ಹಿಡಿಯೊಂದನ್ನು ತೂರಿಸಿ ಕೈಯಿಂದಲೇ ತಿರುಗಿಸುತ್ತಿದ್ದರು. ಎಂಜಿನ್ನು ಹಠಾತ್ತನೆ ಹಿಂದಕ್ಕೆ ಒದೆದರೆ ತಿರುಗಿಸುವವನ ಕೈಮೂಳೆ ಮುರಿಯುತ್ತಿದ್ದುದುಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು; ಅನಂತರ ಈ ಅಪಾಯ ಕ್ರಮೇಣ ದೂರವಾಯಿತು.

ಸ್ಟಾರ್ಟರ್ ಮೋಟಾರು ಸಾಮಾನ್ಯ ಕಾರಿನಲ್ಲಿ ಸುಮಾರು 150 ಆಂಪೇರ್ ಪ್ರವಾಹವನ್ನು ಸೆಳೆಯುತ್ತದೆ. ಕೀಲಿಗೆ ಸೇರಿದ ಸಣ್ಣ ತಂತಿಗಳು ಇಷ್ಟನ್ನು ತಾಳಲಾರವು. ಆದುದರಿಂದ ಕೀಲಿಯು ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತಕ್ಕೆ ಮಾತ್ರ ಅಲ್ಪ ಪ್ರವಾಹವನ್ನು ಕಳುಹಿಸುತ್ತದೆ. ಸುರುಳಿಯು ಕಾಂತವಾದೊಡನೆ ಅದರೊಳಗಿನ ಕಬ್ಬಿಣದ ದಂಡವು ಸರಿದು ಎರಡು ಕೆಲಸಗಳನ್ನು ಮಾಡುತ್ತದೆ: ಮೋಟಾರಿನ ಹಲ್ಲುಚಕ್ರವನ್ನು ಎಂಜಿನ್ನಿನ ಫ್ಲೈವೀಲಿನ ಹಲ್ಲುಗಳಿಗೆ ಕೂಡಿಸುತ್ತದೆ, ತಾಮ್ರದ ಬಿಲ್ಲೆಯೊಂದನ್ನು ಎರಡು ದಪ್ಪ ಸಂಪರ್ಕಗಳಿಗೆ ಒತ್ತಿ ಬ್ಯಾಟರಿಯಿಂದ ಮೋಟಾರಿಗೆ ದಾರಿ ತೆರೆಯುತ್ತದೆ. ನಾವು ಕೇಳುವ 'ಟಕ್' ಈ ದಂಡವು ಬಡಿದ ಸದ್ದು.

ಸದ್ದು ಕೇಳಿತೆಂದ ಮಾತ್ರಕ್ಕೆ ಸಂಪರ್ಕ ಉಂಟಾಯಿತೆಂದು ಹೇಳುವಂತಿಲ್ಲ. ಪ್ರತಿ ಸಲವೂ ಹಾರುವ ಕಿಡಿಗಳಿಂದ ತಾಮ್ರವು ಸುಟ್ಟು ಸವೆಯುತ್ತದೆ. ಒಳ್ಳೆಯ ಸಂಪರ್ಕದ ರೋಧವು 0.001 ಓಮ್ ಇದ್ದರೆ, 150 ಆಂಪೇರ್ ಹರಿಯುವಾಗ ಅಲ್ಲಿ ನಷ್ಟವಾಗುವುದು ಕೇವಲ 0.15 ವೋಲ್ಟ್. ಸುಟ್ಟ ಸಂಪರ್ಕದ ರೋಧವು 0.1 ಓಮ್‌ಗೆ ಏರಿದರೆ 150 ಆಂಪೇರ್ ಹರಿಸಲು ಅದಕ್ಕೇ 15 ವೋಲ್ಟ್ ಬೇಕು! ಬ್ಯಾಟರಿಯಲ್ಲಿರುವುದೋ ಸುಮಾರು 12 ವೋಲ್ಟ್. ಬಹುಭಾಗ ವೋಲ್ಟೇಜು ಸಂಪರ್ಕದಲ್ಲೇ ವ್ಯಯವಾಗಿ ಮೋಟಾರಿಗೆ ಉಳಿಯುವುದು ಅತ್ಯಲ್ಪ. ಸಂಪರ್ಕವು ಪೂರ್ಣವಾಗಿ ಕೆಟ್ಟರೆ ಮೋಟಾರಿಗೆ ಏನೂ ದೊರೆಯದು.

ಇನ್ನು ಪರೀಕ್ಷೆ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕು ಹಾಕಿ, ಮುಂದೀಪಗಳನ್ನು ಬೆಳಗಿಸಿ ಕೀಲಿಯನ್ನು ತಿರುಗಿಸಬೇಕು. ದೀಪಗಳು ಕಂದಿಹೋದರೆ ಬ್ಯಾಟರಿಯೋ ಅದರ ತುದಿಗಳ ಜೋಡಣೆಯೋ ದುರ್ಬಲವೆಂದು ಶಂಕಿಸಬೇಕು. ಆಗ ಹಲವೊಮ್ಮೆ 'ಟಕಟಕ' ಎಂಬ ಎಡೆಬಿಡದ ಸದ್ದೂ ಕೇಳುತ್ತದೆ. ಮೋಟಾರು ಪ್ರವಾಹ ಸೆಳೆದೊಡನೆ ವೋಲ್ಟೇಜು ಕುಸಿದು ದಂಡವು ಜಾರುತ್ತದೆ; ಹೊರೆ ತಪ್ಪಿದೊಡನೆ ವೋಲ್ಟೇಜು ಏರಿ ಅದು ಮತ್ತೆ ಬಡಿಯುತ್ತದೆ. ಇದಕ್ಕೆ ಬದಲಾಗಿ ಒಂದೇ 'ಟಕ್' ಕೇಳಿ ದೀಪಗಳು ಮೊದಲಿನಂತೆಯೇ ಬೆಳಗುತ್ತಿದ್ದರೆ, ಮೋಟಾರಿನತ್ತ ಹೆಚ್ಚಿನ ಪ್ರವಾಹವೇ ಹರಿಯಲಿಲ್ಲವೆಂದು ತಿಳಿಯಬೇಕು. ಕೀಲಿ ತಿರುಗಿಸುವ ಮುನ್ನ ದೀಪ ಬೆಳಗಿದ್ದಷ್ಟರಿಂದಲೇ ಬ್ಯಾಟರಿಯು ಗಟ್ಟಿಯಾಗಿದೆಯೆಂದು ತೀರ್ಮಾನಿಸಬಾರದು. 55 ವಾಟಿನ ಎರಡು ದೀಪಗಳಿಗೆ ಸುಮಾರು 9 ಆಂಪೇರ್ ಸಾಕು.

ಪ್ರವಾಹ ಹರಿಯದಿರಲು ಮೋಟಾರಿನ ಸವೆದ ಬ್ರಷ್‌ಗಳೂ ಕಾರಣವಾಗಬಹುದು. ಇವೆರಡನ್ನು ಬೇರ್ಪಡಿಸಲು ವೋಲ್ಟ್‌ಮೀಟರಿನ ತುದಿಗಳನ್ನು ಸೊಲೆನಾಯ್ಡಿನ ಎರಡು ದಪ್ಪ ತಿರುಪುಗಳಿಗೆ ತಾಗಿಸಿ, ಇನ್ನೊಬ್ಬರಿಂದ ಕೀಲಿಯನ್ನು ತಿರುಗಿಸಿ ಹಿಡಿಯಿಸಬೇಕು. 'ಟಕ್' ಎಂದ ಮೇಲೆಯೂ ಮುಳ್ಳು 12 ವೋಲ್ಟಿನ ಬಳಿಯೇ ನಿಂತರೆ ಸಂಪರ್ಕಗಳು ಕೂಡಿಲ್ಲ; ಸೊಲೆನಾಯ್ಡನ್ನೇ ಬದಲಾಯಿಸತಕ್ಕದ್ದು. ಮುಳ್ಳು ಸೊನ್ನೆಗಿಳಿದರೆ ಸಂಪರ್ಕಗಳು ಸರಿಯಾಗಿವೆ. ದೋಷವನ್ನು ಮೋಟಾರಿನ ಕಡೆ ಹುಡುಕಬೇಕು.

ಬದಲಾಯಿಸುವಾಗ ಮೊಟ್ಟಮೊದಲು ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಬೇಕು. ಇಲ್ಲವಾದರೆ ಸ್ಪಾನರು ಒಂದೆಡೆ ದಪ್ಪ ತಿರುಪನ್ನೂ ಇನ್ನೊಂದೆಡೆ ಕಾರಿನ ಲೋಹದ ಮೈಯನ್ನೂ ಮುಟ್ಟಿದಲ್ಲಿ ನೂರಾರು ಆಂಪೇರ್ ಹರಿದು ಕೈ ಸುಡಬಹುದು. ಅನಂತರ ತಂತಿಗಳ ಸ್ಥಾನಗಳನ್ನು ಗುರುತಿಸಿಕೊಂಡು ಬಿಚ್ಚಿ, ಹಳೆಯದನ್ನು ಕಳಚಿ, ಹೊಸ ಸೊಲೆನಾಯ್ಡಿನ ದಂಡವನ್ನು ಹಲ್ಲುಚಕ್ರವನ್ನು ದೂಡುವ ಸನ್ನೆಗೆ ಸರಿಯಾಗಿ ಸಿಕ್ಕಿಸಿ ಬಿಗಿಯಬೇಕು. ಋಣ ತಂತಿಯನ್ನು ಕಟ್ಟಕಡೆಗೆ ಜೋಡಿಸಬೇಕು. ಕೆಲವು ಕಾರುಗಳಲ್ಲಿ ಒಳಗಿನ ತಾಮ್ರದ ಸಂಪರ್ಕಗಳನ್ನಷ್ಟೇ ಹೊಸದಾಗಿ ಹಾಕಿದರೂ ಸಾಕಾಗುತ್ತದೆ.

ಒಂದೊಂದೇ ಭಾಗವನ್ನು ಬದಲಾಯಿಸುತ್ತ ಹೋದರೆ ಎಂದಾದರೊಂದು ದಿನ ಕಾರು ಹೊರಟೀತು. ಅಷ್ಟರಲ್ಲಿ ಹಣದ ಚೀಲ ಬರಿದಾಗಿರುತ್ತದೆ. ಅಳೆದು ನೋಡಿದವನು ಕೆಟ್ಟಿರುವ ಒಂದನ್ನೇ ಬದಲಾಯಿಸುತ್ತಾನೆ.