ಕಾರಿನ ಸೈಲೆನ್ಸರ್‌ನಲ್ಲಿರುವ ‘ಡಬ್ಬಿ’ ತೆಗೆಸಿದರೆ ಮೈಲೇಜ್ ಹೆಚ್ಚುತ್ತದೆಯೇ?

‘ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿಬಿಡಿ, ಮೈಲೇಜ್ ಹೆಚ್ಚುತ್ತೆ. ಅದು ಬರೀ ರೂಲ್ಸ್‌ಗೋಸ್ಕರ ಹಾಕಿರೋ ಡಬ್ಬಿ.’ ಇಂಥ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತಿರುತ್ತದೆ. ಇನ್ನೊಬ್ಬರಿಗೆ ಕಳಿಸುವ ಮೊದಲು ಆ ಡಬ್ಬಿಯೊಳಗೆ ಏನು ನಡೆಯುತ್ತದೆ ಎಂದು ನೋಡೋಣ.

ಎಂಜಿನ್‌ನಲ್ಲಿ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಹಾಗಾಗಿ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಜೀವ ಹೋಗುವುದು ಹೀಗೆಯೇ. ಜೊತೆಗೆ ಅರೆಬೆಂದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡ್‌ಗಳೂ ಇರುತ್ತವೆ.

ಡಬ್ಬಿಯೊಳಗೆ ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ ಇದೆ. ಅದರ ಗೋಡೆಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನ ಅತಿ ಸಣ್ಣ ಕಣಗಳು; ಒಟ್ಟು ತೂಕ ಕೆಲವೇ ಗ್ರಾಂ. ಇಷ್ಟೇ ಹೇಗೆ ಸಾಕು? ಕೆಲಸ ನಡೆಯುವುದು ಲೋಹದ ಮೇಲ್ಮೈಯಲ್ಲಿ ಮಾತ್ರ, ಒಳಗಿನ ಪರಮಾಣುಗಳಿಗೆ ಕೆಲಸವೇ ಇಲ್ಲ. ಹಾಗಾಗಿ ಗಟ್ಟಿಯಾಗಿ ಇಡುವ ಬದಲು ಪುಡಿಯಾಗಿ ಹರಡುತ್ತಾರೆ.

ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಪ್ಲಾಟಿನಂ ಮೇಲೆ ಕುಳಿತಾಗ ಆ ಹಿಡಿತ ಬಿಟ್ಟುಹೋಗುತ್ತದೆ. ಪಕ್ಕದಲ್ಲೇ ಬಂದು ಕುಳಿತ ಕಾರ್ಬನ್ ಮೊನಾಕ್ಸೈಡ್‌ಗೆ ಒಂಟಿ ಆಮ್ಲಜನಕ ಸಿಗುತ್ತದೆ, ಅದು ಕಾರ್ಬನ್ ಡೈಆಕ್ಸೈಡ್ ಆಗಿ ಎದ್ದು ಹೋಗುತ್ತದೆ. ಜಾಗ ಖಾಲಿಯಾಯಿತು, ಮುಂದಿನವರು ಬರಬಹುದು. ಲೋಹ ಮಾತ್ರ ಖರ್ಚಾಗುವುದಿಲ್ಲ. ಮೇಲ್ಮೈಯ ಈ ಆಟವನ್ನು ಹಂತ ಹಂತವಾಗಿ ಬಿಡಿಸಿದ ಜರ್ಮನಿಯ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ 2007ರ ರಸಾಯನಶಾಸ್ತ್ರ ನೊಬೆಲ್ ಬಂತು.

ಸೀರಿಯಂ ಆಕ್ಸೈಡ್ ಕೂಡ ಅಲ್ಲಿರುತ್ತದೆ. ಹೊಗೆಯಲ್ಲಿ ಆಮ್ಲಜನಕ ಜಾಸ್ತಿಯಾದರೆ ಇದು ತುಂಬಿಟ್ಟುಕೊಳ್ಳುತ್ತದೆ, ಕಡಿಮೆಯಾದರೆ ಕೊಡುತ್ತದೆ. ಒಂಥರಾ ಉಗ್ರಾಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಹೆಗಡೆ ಅವರ ತಂಡ, ಲೋಹವನ್ನು ಕಣಗಳಾಗಿ ಹರಡದೆ ಅಯಾನುಗಳಾಗಿ ಈ ಆಕ್ಸೈಡ್‌ನೊಳಗೇ ಬೆರೆಸುವ ವಿಧಾನದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ.

ಈ ಮೇಲ್ಮೈಗೆ ಸೀಸ ವಿಷ. ಮೆತ್ತಿಕೊಂಡು ಜಾಗವನ್ನೆಲ್ಲ ಮುಚ್ಚಿಬಿಡುತ್ತದೆ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಬಂದಾಗ ಸೀಸರಹಿತ ಪೆಟ್ರೋಲ್ ಕೂಡ ಬರಬೇಕಾದದ್ದು ಇದಕ್ಕೇ. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು.

ಇನ್ನು ಮೈಲೇಜ್. ಫಾರ್ವರ್ಡ್‌ನಲ್ಲಿ ಅರ್ಧ ಸತ್ಯವಿದೆ: ಕಟ್ಟಿಕೊಂಡ ಕನ್ವರ್ಟರ್ ಹೊಗೆಯನ್ನು ತಡೆದು ಪಿಕಪ್, ಮೈಲೇಜ್ ಎರಡನ್ನೂ ಕೆಡಿಸುತ್ತದೆ. ಆದರೆ ಅದು ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ಎಂಜಿನ್ ಆಯಿಲ್ ಉರಿಯುತ್ತಿರುವುದರಿಂದ ಅಥವಾ ಮಿಸ್‌ಫೈರ್‌ನಿಂದ. ಡಬ್ಬಿ ಕಿತ್ತರೆ ಆ ಕಾಯಿಲೆ ಅಲ್ಲೇ ಉಳಿಯುತ್ತದೆ. ಚೆನ್ನಾಗಿರುವ ಕನ್ವರ್ಟರ್ ತೆಗೆಸಿದರೆ ಹೇಳಿಕೊಳ್ಳುವಂಥ ಉಳಿತಾಯವಿಲ್ಲ. ಬದಲಿಗೆ ಸೆನ್ಸರ್ ಗಲಿಬಿಲಿಗೊಂಡು ಎಂಜಿನ್ ಲೈಟ್ ಹತ್ತಿಕೊಳ್ಳಬಹುದು, ಹೊಗೆ ತಪಾಸಣೆಯಲ್ಲಿ ಫೇಲ್ ಆಗಬಹುದು. ಮಾಲಿನ್ಯ ನಿಯಮ ಮೀರಿದ ವಾಹನಕ್ಕೆ 10,000 ರೂಪಾಯಿವರೆಗೂ ದಂಡವಿದೆ.

ಹಾಗಂತ ಕನ್ವರ್ಟರ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ. ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗುವವರೆಗೆ ಅದು ಹೆಚ್ಚು ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬರುವ ಹೊಗೆ ಬಹುಮಟ್ಟಿಗೆ ಹಸಿ ವಿಷವೇ. ಶಟರ್ ಹಾಕಿದ ಗ್ಯಾರೇಜ್‌ನಲ್ಲಿ ಎಂಜಿನ್ ಓಡಿಸುತ್ತಾ ಕೂರಬೇಡಿ, ಮೊದಲು ಕಾರನ್ನು ಹೊರಗೆ ತನ್ನಿ.