ಹಾಸನದಿಂದ ಹೊರಟ ಕತೆಗಳು

ಕನ್ನಡದ ಕತೆಗಾರ್ತಿ ಬಾನು ಮುಷ್ತಾಕ್ ಅವರ ಹೆಸರು 2025ರ ಮೇ 20ರಂದು ಲಂಡನ್ನಿನ ಟೇಟ್ ಮಾಡರ್ನ್ ಸಭಾಂಗಣದಲ್ಲಿ ಮೊಳಗಿತು. ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಆ ವರ್ಷದ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿಗೆ ಪಾತ್ರವಾಯಿತು. ಕನ್ನಡದಿಂದ ಹೋದ ಕೃತಿಯೊಂದಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕತೆಗಳ ಸಂಕಲನವೊಂದು ಇದನ್ನು ಗೆದ್ದದ್ದೂ ಅದೇ ಮೊದಲು. ಐವತ್ತು ಸಾವಿರ ಪೌಂಡುಗಳ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ಸಮನಾಗಿ ಹಂಚಿಕೊಂಡರು. ಅನುವಾದಿಸಿದವರು ಮಡಿಕೇರಿಯ ದೀಪಾ ಭಾಸ್ತಿ.

ಸುದ್ದಿ ಬಂದಾಗ ಇಡೀ ಕರ್ನಾಟಕ ಸಂಭ್ರಮಿಸಿತು. ಆದರೆ ಈ ಕತೆಗಳಲ್ಲಿ ಇರುವವರು ಯಾರು? ನಮ್ಮ ಮೊಹಲ್ಲಾದ ಹೆಂಗಸರು. ಅಡುಗೆಮನೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವವರು, ತವರಿನ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತವರು, ಮುತವಲ್ಲಿಯ ಮುಂದೆ ಅರ್ಜಿ ಹಿಡಿದು ಕಾದವರು. ಅವರ ಬದುಕು ಲಂಡನ್ನಿಗೆ ತಲುಪಿತು. ಅದು ನಮ್ಮ ಮನೆಗಳಿಗೆ ತಲುಪಿದೆಯೇ ಎಂಬುದೇ ನಿಜವಾದ ಪ್ರಶ್ನೆ.

ಉರ್ದು ಮನೆಯ ಕನ್ನಡ ಹುಡುಗಿ

ಬಾನು ಮುಷ್ತಾಕ್ ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ಮನೆಯ ಮಾತು ದಖನಿ ಉರ್ದು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಲಾಯಿತು. ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕು, ಇಲ್ಲವಾದರೆ ಶಾಲೆ ಬಿಡಬೇಕು ಎಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಸರಕಾರಿ ಕೆಲಸದಲ್ಲಿದ್ದ ತಂದೆ ಮಗಳ ಓದಿಗೆ ಬೆಂಬಲವಾಗಿ ನಿಂತರು. ಮಗಳನ್ನು ಓದಿಸಿದ ಒಬ್ಬ ತಂದೆಯ ನಿರ್ಧಾರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮದುವೆಯಾಗಿ ಮಕ್ಕಳಾದ ಮೇಲೆಯೂ ಅವರು ಬರವಣಿಗೆ ಬಿಡಲಿಲ್ಲ. 'ಲಂಕೇಶ್ ಪತ್ರಿಕೆ'ಗೆ ವರದಿಗಾರ್ತಿಯಾದರು. ಹಾಸನ ನಗರಸಭೆಯ ಸದಸ್ಯೆಯಾದರು. ಬಳಿಕ ವಕೀಲಿ ವೃತ್ತಿ ಹಿಡಿದರು. ಬಂಡಾಯ ಸಾಹಿತ್ಯ ಚಳವಳಿಯ ಆ ಕಾಲದಲ್ಲಿ ಕನ್ನಡದಲ್ಲಿ ಮುಸ್ಲಿಮ್ ಮಹಿಳೆಯ ಧ್ವನಿ ತೀರಾ ಅಪರೂಪವಾಗಿತ್ತು. ಅತ್ತ ಕರಾವಳಿಯಲ್ಲಿ 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್, ಇತ್ತ ಮಲೆನಾಡಿನ ಅಂಚಿನಲ್ಲಿ ಬಾನು ಮುಷ್ತಾಕ್. ನ್ಯಾಯಾಲಯಕ್ಕೆ ಬರುವ ಹೆಂಗಸರ ಕಷ್ಟಗಳನ್ನು ದಿನವೂ ಹತ್ತಿರದಿಂದ ಕಂಡವರಿಗೆ ಕತೆ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ.

ಕತೆಗಳಲ್ಲಿ ನಮ್ಮ ಮನೆ

'ಹೆಜ್ಜೆ ಮೂಡಿದ ಹಾದಿ', 'ಬೆಂಕಿ ಮಳೆ', 'ಎದೆಯ ಹಣತೆ', 'ಸಫೀರಾ', 'ಹೆಣ್ಣು ಹದ್ದಿನ ಸ್ವಯಂವರ' ಮುಂತಾಗಿ ಆರು ಕಥಾಸಂಕಲನಗಳು ಅವರಿಂದ ಬಂದಿವೆ. 'ಕುಬ್ರಾ' ಎಂಬ ಕಾದಂಬರಿಯೂ ಇದೆ. 'ಹಾರ್ಟ್ ಲ್ಯಾಂಪ್'ಗೆ ಆಯ್ದ ಕತೆಗಳು 1990ರಿಂದ 2023ರವರೆಗಿನ ಮೂವತ್ತಮೂರು ವರ್ಷಗಳ ಬರಹಗಳು.

'ಎದೆಯ ಹಣತೆ' ಕತೆಯ ಮೆಹರುನ್, ಗಂಡ ಬೇರೆ ಹೆಣ್ಣಿನ ಹಿಂದೆ ಹೋದಾಗ ಕೈಕೂಸಿನೊಂದಿಗೆ ತವರಿಗೆ ಬರುತ್ತಾಳೆ. ಅಣ್ಣಂದಿರಿಗೆ ತಂಗಿಯ ನೋವಿಗಿಂತ ಮನೆತನದ ಮರ್ಯಾದೆ ದೊಡ್ಡದು. ಅವಳನ್ನು ತಿರುಗಿ ಅದೇ ಮನೆಗೆ ಕರೆತಂದು ಬಿಡುತ್ತಾರೆ. ಸೀಮೆಎಣ್ಣೆ ಸುರಿದುಕೊಂಡು ನಿಂತ ಆ ತಾಯಿಯನ್ನು ಸಾವಿನ ಬಾಯಿಯಿಂದ ಎಳೆಯುವುದು ದೊಡ್ಡವರಲ್ಲ, ಹಿರಿಮಗಳು ಸಲ್ಮಾ. ಇಂತಹ ತವರಿನ ಬಾಗಿಲು ನಮ್ಮ ಊರುಗಳಲ್ಲಿ ಇಲ್ಲವೇ?

'ಬೆಂಕಿ ಮಳೆ'ಯ ಮುತವಲ್ಲಿಯ ತಂಗಿ ತಂದೆಯ ಆಸ್ತಿಯಲ್ಲಿ ತನ್ನ ಪಾಲು ಕೇಳುತ್ತಾಳೆ. ಜಮಾಅತ್‌ನ ಗೌರವದ ಬಗ್ಗೆ ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡುವ ಆ ಅಣ್ಣನಿಗೆ ತಂಗಿಯ ಪಾಲಿನ ಮಾತು ಮಾತ್ರ ಹಿಡಿಸುವುದಿಲ್ಲ. ಹೆಣ್ಣುಮಕ್ಕಳ ಪಾಲನ್ನು ಅಲ್ಲಾಹನು ಸೂರ ಅನ್ನಿಸಾದಲ್ಲಿ ಸ್ಪಷ್ಟವಾಗಿ ನಿಗದಿಪಡಿಸಿದ್ದಾನೆ. ಅದು ಅಣ್ಣಂದಿರು ಮನಸ್ಸಾದರೆ ಕೊಡುವ ಉಡುಗೊರೆಯಲ್ಲ. ಆದರೂ ಹಬ್ಬಕ್ಕೆ ಒಂದು ಸೀರೆ ಕೊಟ್ಟು ಪಾಲಿನ ಲೆಕ್ಕ ಚುಕ್ತಾ ಆಯಿತೆಂದು ತಿಳಿಯುವ ಮನೆಗಳಿವೆ.

ಎಲ್ಲ ಕತೆಗಳೂ ಗಂಡಸರ ತಪ್ಪಿನ ಬಗ್ಗೆಯೇ ಇಲ್ಲ. ಹಜ್ಜ್‌ಗೆ ಹೊರಟ ಸಿರಿವಂತ ಮಹಿಳೆಯ ಬಳಿ ಬಡ ಮುದುಕಿಯೊಬ್ಬಳು ಝಮ್‌ಝಮ್‌ನಲ್ಲಿ ಅದ್ದಿದ ಕಫನ್ ತಂದುಕೊಡುವಂತೆ ಬೇಡುವ ಕತೆಯೊಂದಿದೆ. ಮನೆಯವರಿಗೆಲ್ಲ ಖರೀದಿಸುವ ಸಡಗರದಲ್ಲಿ ಆಕೆಗೆ ಆ ಒಂದು ತುಂಡು ಬಟ್ಟೆ ಮರೆತುಹೋಗುತ್ತದೆ. ಮುದುಕಿ ತೀರಿಕೊಂಡಾಗ ಆ ಮರೆವು ಎದೆಯನ್ನು ಇರಿಯುತ್ತದೆ. 'ಕೆಂಪು ಲುಂಗಿ' ಕತೆಯಲ್ಲಿ ಸಾಮೂಹಿಕ ಖತ್ನಾದ ಬಡ ಹುಡುಗನ ಗಾಯ ಬೇಗ ಮಾಯುತ್ತದೆ. ಎಲ್ಲ ಸೌಕರ್ಯವಿದ್ದ ಸಿರಿವಂತರ ಮಗನಿಗೆ ಮಾತ್ರ ತೊಂದರೆಯಾಗುತ್ತದೆ. ನಗಿಸುತ್ತಲೇ ಚುಚ್ಚುವ ಕತೆ ಅದು.

ಕವಿತೆ ಎಂಬ ಬಾಗಿನ

ಕತೆಗಾರ್ತಿಯೆಂದೇ ಹೆಚ್ಚು ಪರಿಚಿತರಾದ ಅವರು ಕವಿತೆಗಳನ್ನೂ ಬರೆದಿದ್ದಾರೆ. ಅವರ ಕವನ ಸಂಕಲನದ ಹೆಸರು 'ಒದ್ದೆ ಕಣ್ಣಿನ ಬಾಗಿನ'. ಬಾಗಿನವೆಂದರೆ ನಮ್ಮ ನಾಡಿನ ಹಿಂದೂ ಹೆಂಗಸರು ಮೊರದಲ್ಲಿ ಮಂಗಳದ್ರವ್ಯಗಳನ್ನಿಟ್ಟು ಒಬ್ಬರಿಗೊಬ್ಬರು ಕೊಡುವ ಉಡುಗೊರೆ. ಮುಸ್ಲಿಮ್ ಕವಯಿತ್ರಿಯೊಬ್ಬರು ಆ ಮಾತನ್ನು ಎತ್ತಿಕೊಂಡು ಅದರೊಂದಿಗೆ ಒದ್ದೆ ಕಣ್ಣನ್ನು ಸೇರಿಸಿದ್ದಾರೆ. ನೆರೆಮನೆಯ ಗೌರಮ್ಮನ ಕಷ್ಟವೂ ಈ ಮನೆಯ ಗೌಹರಳ ಕಷ್ಟವೂ ಹಲವು ಸಲ ಒಂದೇ ಎಂಬುದನ್ನು ಆ ಒಂದು ಹೆಸರೇ ಹೇಳುತ್ತದೆ.

ಉರ್ದು ಮನೆಮಾತಿನ ಕವಿಗಳನ್ನು ಕನ್ನಡ ತನ್ನವರೆಂದೇ ಅಪ್ಪಿಕೊಂಡಿದೆ. ಕವಿ ಕೆ.ಎಸ್. ನಿಸಾರ್ ಅಹಮದ್ 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದ್ದರು. 2025ರ ಸೆಪ್ಟೆಂಬರ್ 22ರಂದು ಆ ಕಾರ್ಯ ಬಾನು ಮುಷ್ತಾಕ್ ಅವರ ಪಾಲಿಗೆ ಬಂತು. ಆದರೆ ಈ ಸಲ ಆಕ್ಷೇಪಗಳೆದ್ದವು. ಸರಕಾರದ ಆಹ್ವಾನವನ್ನು ಪ್ರಶ್ನಿಸಿದ ಅರ್ಜಿಗಳು ಕರ್ನಾಟಕ ಹೈಕೋರ್ಟ್‌ನಲ್ಲೂ ಸುಪ್ರೀಂ ಕೋರ್ಟ್‌ನಲ್ಲೂ ತಿರಸ್ಕೃತವಾದವು. ಮುಸ್ಲಿಮ್ ಹೆಸರಿನವರೆಂಬ ಕಾರಣಕ್ಕೆ ಕನ್ನಡದ ಲೇಖಕಿಯೊಬ್ಬರು ಈ ನೆಲದವರಲ್ಲವೆಂಬಂತೆ ಮಾತನಾಡಿದವರಿಗೆ ಸಂವಿಧಾನವೇ ಉತ್ತರ ಕೊಟ್ಟಿತು.

ತೆರೆಯ ಮೇಲೆ 'ಹಸೀನಾ'

ಪ್ರಶಸ್ತಿ ಬರುವುದಕ್ಕೆ ಎರಡು ದಶಕ ಮೊದಲೇ ಅವರ ಕತೆಯೊಂದು ಚಿತ್ರಮಂದಿರದ ಪರದೆಗೆ ಬಂದಿತ್ತು. 'ಕರಿ ನಾಗರಗಳು' ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಚಿತ್ರ ನಿರ್ದೇಶಿಸಿದರು. ಹಸೀನಾ ಪಾತ್ರ ಮಾಡಿದ ತಾರಾ ಅವರಿಗೆ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ ಬಂತು. ಕುಟುಂಬ ಕಲ್ಯಾಣದ ಬಗೆಗಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಉಡುಪುಗಳನ್ನು ವಿನ್ಯಾಸ ಮಾಡಿದ ಇಶ್ರತ್ ನಿಸಾರ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂದದ್ದು ಹಲವರಿಗೆ ನೆನಪಿರಲಾರದು. ಬಡ ಮುಸ್ಲಿಮ್ ಮನೆಯ ಹೆಣ್ಣು ಏನು ಉಡುತ್ತಾಳೆ ಎಂಬುದನ್ನು ನಿಜವಾಗಿ ತೋರಿಸುವುದೂ ಒಂದು ಕಲೆಯೇ.

ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ತೊರೆದುಹೋದ ಹೆಣ್ಣಿನ ಕತೆ ಅದು. ಅವಳು ಕೇಳುವುದು ದೊಡ್ಡದೇನನ್ನೂ ಅಲ್ಲ. ಕಾಯಿಲೆಯ ಮಗುವಿಗೆ ಮದ್ದು, ಮಕ್ಕಳ ಹೊಟ್ಟೆಗೆ ಅನ್ನ. ಮಕ್ಕಳ ಪೋಷಣೆ ತಂದೆಯ ಹೊಣೆಯೆಂಬುದು ಶರೀಅತ್‌ನ ನೇರವಾದ ಮಾತು. ಓದಿದ ಹೆಂಗಸೊಬ್ಬಳು ಅವಳಿಗೆ ಅವಳ ಹಕ್ಕುಗಳನ್ನು ತಿಳಿಸುತ್ತಾಳೆ. ಅವಳು ಆ ಹಕ್ಕನ್ನು ಕೇಳಿಕೊಂಡು ಮಸೀದಿಯ ಅಂಗಳಕ್ಕೆ ಹೋಗುತ್ತಾಳೆ. ಮುತವಲ್ಲಿ ಇಂದು ನಾಳೆ ಎಂದು ದಿನ ತಳ್ಳುತ್ತಾರೆ. ಕತೆಯಲ್ಲಿ ಆ ತಾಯಿ ತನ್ನ ಮಗುವನ್ನೇ ಕಳೆದುಕೊಳ್ಳುತ್ತಾಳೆ. ಆಗ ಇಡೀ ಮೊಹಲ್ಲಾದ ಹೆಂಗಸರ ಮೌನ ಒಡೆಯುತ್ತದೆ.

ಮನೆಯ ಮಾತು ಬೀದಿಗೆ ಬಂತೇ?

ಇಂತಹ ಕತೆಗಳ ಬಗ್ಗೆ ನಮ್ಮಲ್ಲಿ ಎರಡು ಆಕ್ಷೇಪಗಳಿವೆ. ಮನೆಯ ಮಾತನ್ನು ಬೀದಿಗೆ ತರುತ್ತಾರೆ ಎಂಬುದು ಒಂದು. ಇದನ್ನು ಹಿಡಿದು ಹೊರಗಿನವರು ದೀನ್‌ನ ಮೇಲೆ ಕೆಸರೆರಚುತ್ತಾರೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಸತ್ಯವಿದೆ. ಮುಸ್ಲಿಮ್ ಹೆಣ್ಣಿನ ಕಣ್ಣೀರನ್ನು ರಾಜಕೀಯದ ಸರಕಾಗಿ ಮಾರುವವರಿದ್ದಾರೆ. ಆದರೆ ಹೆಣ್ಣು ಪ್ರಶ್ನಿಸದೆ ವಿಧೇಯಳಾಗಿರಬೇಕೆಂದು ಬಯಸುವ ದರ್ಪ ಯಾವ ಒಂದು ಸಮುದಾಯದ ಸೊತ್ತೂ ಅಲ್ಲವೆಂದು ಬಾನು ಮುಷ್ತಾಕ್ ಅವರೇ ಹೇಳುತ್ತ ಬಂದಿದ್ದಾರೆ.

ಮೊದಲ ಆಕ್ಷೇಪಕ್ಕೆ ಕುರ್‌ಆನ್‌ನಲ್ಲೇ ಉತ್ತರವಿದೆ. ಹಝ್ರತ್ ಖೌಲಾ ಬಿಂತಿ ಸಅಲಬಾ(ರ) ತಮ್ಮ ಗಂಡನ ಮೇಲಿನ ದೂರನ್ನು ಹೊತ್ತು ನೇರವಾಗಿ ಪ್ರವಾದಿ(ಸ)ಯವರ ಬಳಿಗೆ ಬಂದರು. ವಾದಿಸಿದರು, ಅಲ್ಲಾಹನಲ್ಲಿ ಮೊರೆಯಿಟ್ಟರು. ಅವರ ಮಾತನ್ನು ತಾನು ಆಲಿಸಿದ್ದಾಗಿ ಅಲ್ಲಾಹನು ಸಾರಿದ. 58ನೆಯ ಸೂರಕ್ಕೆ ಅಲ್ ಮುಜಾದಲ ಎಂಬ ಹೆಸರು ಬಂದಿರುವುದೇ ಈ ಘಟನೆಯಿಂದ. ಆ ಮಹಿಳೆಗೆ ಮನೆಯ ಮಾತು ಹೊರಗೆ ತಂದೆಯೆಂದು ಯಾರೂ ಗದರಲಿಲ್ಲ. ಹಸೀನಾಳಿಗೆ ಸಿಗದೇ ಹೋದದ್ದು ಈ ಆಲಿಸುವ ಕಿವಿ ಮಾತ್ರ. ಮಸೀದಿಯ ಮುಂದೆ ಅವಳು ಬಂದದ್ದು ತಪ್ಪಲ್ಲ, ಅವಳ ಮಾತು ಕೇಳದೆ ಕಳಿಸಿದ್ದೇ ತಪ್ಪು.

ಈ ಮಾತಿಗೆ ಲೇಖಕಿ ಬೆಲೆಯನ್ನೂ ತೆತ್ತಿದ್ದಾರೆ. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಅವರೂ ಅವರ ಕುಟುಂಬವೂ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಅನುಭವಿಸಿದರು. ಬೆದರಿಕೆಯ ಕರೆಗಳು ಬಂದವು. ಚೂರಿ ಹಿಡಿದು ಬಂದವನನ್ನು ಪತಿ ತಡೆದರು. ಇಪ್ಪತ್ತು ವರ್ಷ ಕಳೆದು 2020ರ ಜನವರಿಯಲ್ಲಿ ಅಖಿಲ ಭಾರತ ಮುಸ್ಲಿಮ್ ಪರ್ಸನಲ್ ಲಾ ಬೋರ್ಡ್, ಮಹಿಳೆಯರು ಮಸೀದಿಗೆ ಹೋಗಿ ನಮಾಝ್ ಮಾಡಲು ಅನುಮತಿಯಿದೆಯೆಂದು ಸುಪ್ರೀಂ ಕೋರ್ಟಿಗೆ ತಿಳಿಸಿತು. ಅಲ್ಲಾಹನ ದಾಸಿಯರನ್ನು ಅವನ ಮಸೀದಿಗಳಿಂದ ತಡೆಯಬಾರದೆಂಬ ಪ್ರವಾದಿವಚನವಂತೂ ಹದೀಸ್ ಗ್ರಂಥಗಳಲ್ಲಿ ಮೊದಲಿನಿಂದಲೂ ಇದೆ.

ನಮ್ಮ ಪಾಲಿನ ಕೆಲಸ

ಬಾನು ಮುಷ್ತಾಕ್ ಬರೆದ ಎಲ್ಲದಕ್ಕೂ ನಾವು ತಲೆದೂಗಬೇಕೆಂದಿಲ್ಲ. ಕೆಲವು ಮಾತುಗಳ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಇರಲಿ. ಆದರೆ ಓದದೆ ತೀರ್ಪು ಕೊಡುವುದು ನ್ಯಾಯವಲ್ಲ. ಇಂಗ್ಲಿಷ್‌ಗೆ ಹೋಗುವ ಮೊದಲೇ ಈ ಕತೆಗಳು ಉರ್ದು, ಹಿಂದಿ, ತಮಿಳು, ಮಲಯಾಳಮ್‌ಗಳಿಗೆ ಹೋಗಿದ್ದವು. ನಮಗಂತೂ ಅನುವಾದದ ಹಂಗೇ ಇಲ್ಲ, ಅವು ನಮ್ಮ ಕನ್ನಡದಲ್ಲೇ ಇವೆ.

ಸಹೋದರಿಯರೇ, ಅಸರ್‌ನ ಬಳಿಕ ನಾಲ್ಕು ಮಂದಿ ಸೇರಿದಾಗ ಒಬ್ಬರು ಒಂದು ಕತೆಯನ್ನು ಗಟ್ಟಿಯಾಗಿ ಓದಿರಿ. ಓದು ಬಾರದ ಅಜ್ಜಿಯೂ ಕೇಳಲಿ. ಕೇಳಿದ ಮೇಲೆ ಅವರು ಹೇಳುವ ಮಾತು ಕತೆಗಿಂತ ದೊಡ್ಡದಾಗಿರಬಹುದು. ಅದನ್ನು ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಜಮಾಅತ್‌ನ ಹಿರಿಯರು ಹೆಣ್ಣುಮಕ್ಕಳ ಅಹವಾಲು ಕೇಳಲು ವಾರಕ್ಕೆ ಒಂದು ದಿನವನ್ನು ಮೀಸಲಿಡಲಿ, ಕೇಳುವವರಲ್ಲಿ ತಿಳಿವಳಿಕೆಯುಳ್ಳ ಒಬ್ಬಿಬ್ಬರು ಮಹಿಳೆಯರೂ ಇರಲಿ. ಪಾಲು ಕೇಳಲು ಬಂದ ತಂಗಿಗೆ ಅಣ್ಣ ಮುಖ ತಿರುಗಿಸದಿರಲಿ. ಹಾಗಾದಾಗ ಮೆಹರುನ್‌ಳಂತಹ ತಾಯಿಯ ಕೈ ಸೀಮೆಎಣ್ಣೆಯ ಡಬ್ಬಕ್ಕೆ ಹೋಗುವ ಮೊದಲೇ ಯಾರಾದರೂ ಅವಳ ಬಾಗಿಲು ತಟ್ಟಿರುತ್ತಾರೆ.